ಮಳೆಗಾಲ ತಾಳುವ ತಲೆಬಾಗಿಲು: ಅಂಚಿನಿಂದ ಶುರುವಾಗಬೇಕಾದ ಪಾಲಿಶ್ ಕೆಲಸ

ಕರಾವಳಿ ಅಥವಾ ಮಲೆನಾಡಿನ ಯಾವುದಾದರೂ ಮನೆಯ ಹತ್ತು ವರ್ಷ ಹಳೆಯ ತಲೆಬಾಗಿಲನ್ನು ಬಗ್ಗಿ ನೋಡಿ. ಕಣ್ಣಿನ ಮಟ್ಟದಲ್ಲಿ ಹಲಗೆ ಇನ್ನೂ ಮಿರುಗುತ್ತಿರುತ್ತದೆ. ಕೆಳಗಿನ ನಾಲ್ಕು ಬೆರಳಿನಷ್ಟು ಭಾಗ ಮಾತ್ರ ಕಪ್ಪಾಗಿರುತ್ತದೆ, ಪಾಲಿಶ್ ಸಿಪ್ಪೆ ಎದ್ದಿರುತ್ತದೆ, ಉಗುರಿನಿಂದ ಒತ್ತಿದರೆ ಮರ ಮೆತ್ತಗೆ ಸಿಗುತ್ತದೆ. ಕದದ ಅಡಿಗೆ ಒಂದು ಕನ್ನಡಿ ಚೂರು ಹಿಡಿದರೆ ಕಾರಣ ಕಾಣುತ್ತದೆ: ಅಡಿಯಂಚಿಗೆ ಒಂದು ಹನಿ ಪಾಲಿಶೂ ಮುಟ್ಟಿಲ್ಲ. ಬಾಗಿಲು ನಿಲ್ಲಿಸಿದ ಮೇಲೆ ಪಾಲಿಶ್ ಮಾಡುವ ರೂಢಿಯಿಂದ ಬಂದ ನಷ್ಟ ಇದು. ಸಾವಿರಾರು ರೂಪಾಯಿಯ ಸಾಗುವಾನಿಯನ್ನು ಹಾಳು ಮಾಡುವುದು ಎದುರಿನಿಂದ ಬಡಿಯುವ ಮಳೆಗಿಂತ ಹೆಚ್ಚಾಗಿ ಕಣ್ಣಿಗೆ ಬೀಳದ ಅಂಚುಗಳಿಂದ ಒಳಸೇರುವ ನೀರು. ಹಾಗಾಗಿ ಹೊಳಪಿನ ಮಾತು ಆಮೇಲೆ, ಮೊದಲು ಅಂಚು.

ನೀರು ಒಳಹೋಗುವ ದಾರಿ

ಮರವೆಂದರೆ ಉದ್ದುದ್ದ ಮಲಗಿದ ಸೂಕ್ಷ್ಮ ಕೊಳವೆಗಳ ಕಟ್ಟು. ಹಲಗೆಯ ಅಗಲ ಮುಖದಲ್ಲಿ ಕೊಳವೆಗಳ ಪಕ್ಕ ಕಾಣುತ್ತದೆ, ಎಳೆ ಕಡಿದ ತುದಿಯಲ್ಲಿ ಅವುಗಳ ಬಾಯಿಯೇ ತೆರೆದಿರುತ್ತದೆ. ಆ ತುದಿ ಮುಖಕ್ಕಿಂತ ಹಲವು ಪಟ್ಟು ಬೇಗ ನೀರು ಕುಡಿಯುತ್ತದೆ. ಕದದ ಎರಡು ಪಕ್ಕದ ನಿಲುಪಟ್ಟಿಗಳ ತಲೆ ಮತ್ತು ಕಾಲು ಇಂಥ ತುದಿಗಳೇ. ಅಂಗಳದಿಂದ ಸಿಡಿದ ಹನಿ, ನೆಲ ಒರೆಸಿದ ನೀರು, ಹೊಸಿಲು ತೊಳೆದ ನೀರು ಎಲ್ಲವೂ ಆ ಕಾಲಿನ ಕಡೆಗೇ ಹೋಗುತ್ತವೆ.

ಎರಡನೆಯ ದಾರಿ, ಕೆಳಗಿನ ಅಡ್ಡಪಟ್ಟಿಯ ಗಾಡಿಯೊಳಗೆ, ಅಂದರೆ ಉದ್ದಕ್ಕೂ ಕೊರೆದ ಕಾಲುವೆಯೊಳಗೆ, ಹಲಗೆ ಕೂರುವ ಜಾಗ. ಹಲಗೆಯ ಮೇಲೆ ಹರಿದ ಮಳೆನೀರು ಅಲ್ಲಿ ನಿಲ್ಲುತ್ತದೆ. ಅಡ್ಡಪಟ್ಟಿಯ ಮೇಲಂಚನ್ನು ಹೊರಗಡೆಗೆ ಸ್ವಲ್ಪ ಇಳಿಜಾರಾಗಿ ಕೆತ್ತಲು ಆಚಾರಿಗೆ ಮೊದಲೇ ಹೇಳಿದರೆ ಅರ್ಧ ತೊಂದರೆ ಅಲ್ಲಿಗೇ ಮುಗಿಯುತ್ತದೆ. ಮೂರನೆಯದು ಬೀಗಕ್ಕೆ ಕೊರೆದ ತೂತು, ತಿರುಗಣಿ (ಹಿಂಜ್) ಕೂರಿಸಲು ಉಳಿಯಿಂದ ತೆಗೆದ ಗುಂಡಿ, ತೋರಣಕ್ಕೆ ಹೊಡೆದ ಮೊಳೆ. ಒಳಗೆ ಹಸಿಮರ ತೆರೆದಿದ್ದರೆ ಇವೆಲ್ಲವೂ ನೀರಿನ ಬಾಗಿಲುಗಳೇ.

ಬಿಸಿಲಿನ ಕೆಲಸ ಬೇರೆ ಬಗೆಯದು. ಮರದ ಎಳೆಗಳನ್ನು ಅಂಟಿನಂತೆ ಹಿಡಿದಿಟ್ಟಿರುವ ಲಿಗ್ನಿನ್ ಎಂಬ ವಸ್ತುವನ್ನು ಸೂರ್ಯನ ನೇರಳಾತೀತ ಕಿರಣ ಒಡೆಯುತ್ತದೆ. ಬಣ್ಣವಿಲ್ಲದ ಪಾರದರ್ಶಕ ಪಾಲಿಶ್ ಬೆಳಕನ್ನು ತಡೆಯುವುದಿಲ್ಲ. ಪದರ ಗಟ್ಟಿಯಾಗಿದ್ದರೂ ಅದರ ಅಡಿಯ ಮರದ ಮೇಲ್ಮೈ ಪುಡಿಯಾಗುತ್ತದೆ, ಹಿಡಿತ ತಪ್ಪಿದ ಪದರ ಹಾಳೆ ಹಾಳೆಯಾಗಿ ಏಳುತ್ತದೆ. ಇದನ್ನು ಕಂಡು ಪಾಲಿಶ್ ಕಳಪೆ ಎಂದು ಅಂಗಡಿಯವರನ್ನು ಬೈಯುವವರಿದ್ದಾರೆ. ಹೆಚ್ಚಿನ ಸಲ ಪಾಲಿಶ್ ಸರಿಯಾಗಿಯೇ ಇರುತ್ತದೆ, ಬಿಸಿಲಿಗೆ ತಕ್ಕದ್ದಲ್ಲ ಅಷ್ಟೆ. ಸ್ವಲ್ಪವಾದರೂ ಕಂದು ಅಥವಾ ಕೆಂಪು ವರ್ಣಕ ಬೆರೆತದ್ದು ಹೊರಗಡೆ ಹೆಚ್ಚು ಬಾಳುವುದು ಇದೇ ಕಾರಣಕ್ಕೆ. ಮರದ ಗೆರೆ ಮುಚ್ಚುವ ದಪ್ಪ ಎನಾಮೆಲ್ ಅದಕ್ಕಿಂತಲೂ ಹೆಚ್ಚು ಬಾಳುತ್ತದೆ.

ಯಾವ ಪಾಲಿಶೂ ಗಾಳಿಯ ತೇವವನ್ನು ಪೂರ್ತಿ ತಡೆಯಲಾರದು, ನಿಧಾನ ಮಾಡಬಲ್ಲದು ಅಷ್ಟೆ. ಅದಕ್ಕೇ ಹೊರಮುಖಕ್ಕೆ ಎಷ್ಟು ಕೋಟೋ ಒಳಮುಖಕ್ಕೂ ಅಷ್ಟೇ ಬೇಕು. ಹೊರಗೆ ನಾಲ್ಕು, ಒಳಗೆ ಒಂದು ಹಚ್ಚಿದ ಕದ ಒಂದು ಬದಿಯಲ್ಲಿ ಬೇಗ ಹಿಗ್ಗಿ ಬಿಲ್ಲಿನಂತೆ ಬಾಗುತ್ತದೆ. ಆಮೇಲೆ ಎಷ್ಟು ಕೀಸಿದರೂ ಚಿಲಕ ಸರಿಯಾಗಿ ಬೀಳುವುದಿಲ್ಲ.

ಬಾಗಿಲಿನ ಮೇಲಿನ ಸೂರು ಎಷ್ಟು ಮುಂದೆ ಚಾಚಿದೆ ಎಂಬುದು ಪಾಲಿಶಿನ ಆಯಸ್ಸನ್ನು ಬ್ರ್ಯಾಂಡಿಗಿಂತ ಹೆಚ್ಚು ನಿರ್ಧರಿಸುತ್ತದೆ. ಹೊಸಿಲಿನಿಂದ ಸೂರಿನ ಅಡಿಯವರೆಗಿನ ಎತ್ತರದ ಅರ್ಧದಷ್ಟಾದರೂ ಚಾಚು ಬೇಕು. ಎತ್ತರ 8 ಅಡಿಯಾದರೆ ಚಾಚು 4 ಅಡಿ. ಪಡುವಣ ಗಾಳಿಮಳೆಗೆ ಎದುರಾದ ಬಾಗಿಲಿಗೆ ಅದೂ ಕಡಿಮೆಯೇ. ಹಳೆಯ ಜಗಲಿ ಮನೆಗಳ ಬಾಗಿಲುಗಳು ಬರಿ ಎಣ್ಣೆಯಲ್ಲೇ ತಲೆಮಾರುಗಟ್ಟಲೆ ನಿಂತದ್ದು ಆಳವಾದ ಸೂರಿನ ಬಲದಿಂದ. ಈಗಿನ ಒಂದೂವರೆ ಅಡಿ ಸಜ್ಜಾ ಇಟ್ಟುಕೊಂಡು ಅದೇ ಬಾಳಿಕೆ ಕೇಳಿದರೆ ಸಿಗುವುದಿಲ್ಲ.

ಯಾವುದನ್ನು ಹಚ್ಚಬೇಕು

ಮೊದಲು ಹಚ್ಚಬಾರದ್ದು. ಅರಗಿನ ಫ್ರೆಂಚ್ ಪಾಲಿಶ್ ಹೊರಬಾಗಿಲಿಗೆ ಬೇಡ, ನೀರು ಬಿದ್ದಲ್ಲಿ ಬೆಳ್ಳಗೆ ಕಲೆ ಕಟ್ಟುತ್ತದೆ. ಮೆಲಮೈನ್ ಒಳಗಿನ ಕಪಾಟಿಗೆ ಸೊಗಸಾದ ಪಾಲಿಶ್, ಆದರೆ ಗಡುಸು ಜಾಸ್ತಿ, ಬಾಗುವ ಗುಣ ಕಡಿಮೆ. ಹೊರಗಿನ ಮರ ಹಿಗ್ಗಿ ಕುಗ್ಗುವಾಗ ಅದು ಬಿರಿಯುತ್ತದೆ. ಬೇಗ ಒಣಗುತ್ತದೆ, ಸ್ಪ್ರೇಗೆ ಸುಲಭ ಎಂದು ಪಾಲಿಶ್ ಕೆಲಸದವರು ಇದನ್ನೇ ಮುಂದಿಟ್ಟರೆ ಒಪ್ಪಬೇಡಿ. ಎನ್‌ಸಿ (ನೈಟ್ರೋಸೆಲ್ಯುಲೋಸ್) ಲ್ಯಾಕರ್ ಮತ್ತು ಅದರ ಸೀಲರಿಗೂ, ಅಂದರೆ ಮರದ ರಂಧ್ರ ಮುಚ್ಚಲು ಅಡಿಯಲ್ಲಿ ಹಚ್ಚುವ ಕೋಟಿಗೂ, ಇದೇ ಮಾತು. ಮೇಲೆ ಎಷ್ಟೇ ಒಳ್ಳೆಯ ಪಿಯು (ಪಾಲಿಯುರೆಥೇನ್) ಹಚ್ಚಿದರೂ ಅಡಿಯಲ್ಲಿ ಎನ್‌ಸಿ ಸೀಲರ್ ಇದ್ದರೆ ಅಡಿಪಾಯವೇ ಮೊದಲು ಕುಸಿಯುತ್ತದೆ.

ಎರಡು ಡಬ್ಬಿಯ ಪಿಯು, ಅಂದರೆ ಮೂಲದ್ರವ ಮತ್ತು ಅದನ್ನು ಗಟ್ಟಿಯಾಗಿಸುವ ಹಾರ್ಡನರ್ ಬೇರೆ ಬೇರೆ ಬರುವಂಥದು, ಸೂರಿನ ಅಡಿಯ ಬಾಗಿಲಿಗೆ ಒಳ್ಳೆಯ ಆಯ್ಕೆ. ಆದರೆ ಡಬ್ಬಿಯ ಮೇಲೆ ಹೊರಾಂಗಣಕ್ಕೆ ಎಂದು ಬರೆದಿರಲೇಬೇಕು. ಒಳಾಂಗಣದ ಪಿಯು ಬಿಸಿಲಿಗೆ ಹಳದಿಯಾಗಿ ಬಿರಿಯುತ್ತದೆ. ಎರಡು ಕೋಟ್ ಸೀಲರ್, ಎರಡು ಕೋಟ್ ಮೇಲ್ಪದರ. ಪಿಯುವಿನ ಒಂದು ದೊಡ್ಡ ಕೊರತೆಯನ್ನು ಮೊದಲೇ ತಿಳಿದಿರಬೇಕು: ಅದು ಕೆಟ್ಟಾಗ ಅಲ್ಲಲ್ಲಿ ತೇಪೆ ಹಾಕಲಾಗುವುದಿಲ್ಲ, ಪೂರ್ತಿ ಕೆರೆದು ಹೊಸದಾಗಿ ಹಚ್ಚಬೇಕಾಗುತ್ತದೆ.

ಎಣ್ಣೆ ಮೂಲದ ಹೊರಾಂಗಣ ವಾರ್ನಿಶ್, ಅಂದರೆ ದೋಣಿ-ಹಡಗುಗಳ ಮರಕ್ಕೆ ಬಳಸುವ ಜಾತಿಯದು, ಮೆತ್ತಗಿನ ಪದರ ಕೊಡುತ್ತದೆ. ಮರ ಹಿಗ್ಗಿದರೆ ಅದೂ ಹಿಗ್ಗುತ್ತದೆ. ಬ್ರಷ್ಷಿನಲ್ಲೇ ಹಚ್ಚಬಹುದು, ಕೆಟ್ಟ ಜಾಗವನ್ನಷ್ಟೇ ಉಜ್ಜಿ ಮತ್ತೆ ಹಚ್ಚಬಹುದು. ಆದರೆ ಎರಡು ಮೂರು ಕೋಟಿಗೆ ನಿಲ್ಲಿಸಿದರೆ ಪ್ರಯೋಜನವಿಲ್ಲ, ಐದು ಬೇಕು.

ಪದರ ಕಟ್ಟದೆ ಮರದೊಳಗೆ ಇಳಿಯುವ, ವರ್ಣಕವಿರುವ ಹೊರಾಂಗಣ ವುಡ್ ಸ್ಟೇನ್ ಮತ್ತೊಂದು ದಾರಿ. ಹೊಳಪು ಕಡಿಮೆ, ಎರಡು ವರ್ಷಕ್ಕೊಮ್ಮೆ ಮತ್ತೆ ಹಚ್ಚಬೇಕು, ಆದರೆ ಸಿಪ್ಪೆ ಏಳುವ ಕಾಟ ಇಲ್ಲ. ತೊಳೆದು, ಒಣಗಿಸಿ, ಒಂದು ಕೋಟ್ ಹಚ್ಚಿದರೆ ಮುಗಿಯಿತು. ಮಳೆ ಬಿಸಿಲು ಎರಡೂ ನೇರ ಬೀಳುವ ಬಾಗಿಲಿಗೆ ಮರದ ಗೆರೆಯೂ ಕಾಣಬೇಕು ಎಂದರೆ ಇದೇ ಸರಿ. ಹಲಸು, ಹೊನ್ನೆ, ಮತ್ತಿಯಂಥ ಮರಕ್ಕೂ ಚೆನ್ನಾಗಿ ಹಿಡಿಯುತ್ತದೆ.

ಮರ ಸಾಧಾರಣದ್ದಾಗಿದ್ದರೆ, ಬಾಗಿಲು ಪಶ್ಚಿಮಕ್ಕೆ ತೆರೆದಿದ್ದು ಸೂರು ಇಲ್ಲದಿದ್ದರೆ, ಎನಾಮೆಲ್ ಪೇಂಟೇ ಹಚ್ಚಿ. ಪಾಲಿಶ್ ಆಸೆ ಬಿಡುವುದು ಕಷ್ಟ, ನಿಜ. ಆದರೆ ಒಂದು ಕೋಟ್ ವುಡ್ ಪ್ರೈಮರ್, ಎರಡು ಕೋಟ್ ಎನಾಮೆಲ್ ಕೊಡುವ ರಕ್ಷಣೆಯನ್ನು ಯಾವ ಪಾರದರ್ಶಕ ಪಾಲಿಶೂ ಕೊಡುವುದಿಲ್ಲ. ಕಡುಗಪ್ಪು, ಕಾಫಿ ಬಣ್ಣ ಪಶ್ಚಿಮದ ಬಾಗಿಲಿಗೆ ಬೇಡ. ಕಾದು ಕಾದು ಸಂದುಗಳು ಬಿಡುತ್ತವೆ.

ಅಗಸೆ ಎಣ್ಣೆಯ ಬಗ್ಗೆ ಎರಡು ಮಾತು. ಬೆಂಗಳೂರು, ಮೈಸೂರು, ಧಾರವಾಡದಂಥ ಕಡೆ ಸೂರಿನಡಿಯ ಬಾಗಿಲಿಗೆ ಕುದಿಸಿದ ಅಗಸೆ ಎಣ್ಣೆ ನಡೆಯುತ್ತದೆ. ಕರಾವಳಿ, ಮಲೆನಾಡಿನಲ್ಲಿ ಬರಿ ಅಗಸೆ ಎಣ್ಣೆ ಬೂಸ್ಟಿಗೆ ಆಹಾರವಾಗಿ ಒಂದೇ ಮಳೆಗಾಲದಲ್ಲಿ ಬಾಗಿಲು ಕಪ್ಪಾಗುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಲೇಬೇಡಿ. ಅಗಸೆ ಎಣ್ಣೆ ಒಣಗುವಾಗ ಶಾಖ ಹುಟ್ಟಿ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಬಯಲಿನಲ್ಲಿ ಒಂದೊಂದಾಗಿ ಹರಡಿ ಒಣಗಿಸಿ, ಇಲ್ಲವೇ ನೀರು ತುಂಬಿದ ಡಬ್ಬಿಯಲ್ಲಿ ಮುಳುಗಿಸಿಡಿ.

ಯಾವಾಗ, ಎಷ್ಟು

ಮುಂಗಾರು ಕರಾವಳಿಗೆ ಸಾಮಾನ್ಯವಾಗಿ ಜೂನ್ ಮೊದಲ ವಾರ ಬರುತ್ತದೆ. ಪಿಯು ಮತ್ತು ವಾರ್ನಿಶ್ ಮುಟ್ಟಿದರೆ ಅಂಟದಷ್ಟು ಒಣಗಲು ಒಂದು ದಿನ ಸಾಕು, ಪೂರ್ತಿ ಗಟ್ಟಿಯಾಗಲು ವಾರವೇ ಬೇಕು. ಹಾಗಾಗಿ ಏಪ್ರಿಲ್ ಕೊನೆಯೊಳಗೆ ಕೆಲಸ ಮುಗಿಸಿ. ಡಿಸೆಂಬರಿನಿಂದ ಮಾರ್ಚ್‌ವರೆಗಿನ ಒಣಗಾಳಿಯ ದಿನಗಳು ಎಲ್ಲಕ್ಕಿಂತ ಒಳ್ಳೆಯವು. ಮಲೆನಾಡಿನ ಚಳಿಗಾಲದಲ್ಲಿ ಮಾತ್ರ ಮಂಜು ಪೂರ್ತಿ ಆರುವವರೆಗೆ, ಹತ್ತು ಗಂಟೆಯವರೆಗಾದರೂ, ಕಾಯಬೇಕು. ಸಂಜೆ ನಾಲ್ಕರ ಮೇಲೆ ಕೋಟ್ ಹಚ್ಚಿದರೆ ರಾತ್ರಿಯ ಇಬ್ಬನಿ ಅದರ ಮೇಲೆ ಕೂತು ಹೊಳಪು ಮಂಕಾಗುತ್ತದೆ. ಗಾಳಿಯ ತೇವ ಶೇ. 80 ದಾಟಿದ ದಿನ ಡಬ್ಬಿ ತೆರೆಯಲೇಬೇಡಿ. ನೇರ ಬಿಸಿಲಿನಲ್ಲಿ ಹಚ್ಚುವುದೂ ತಪ್ಪು: ಮೇಲಿನ ಚರ್ಮ ಮೊದಲು ಒಣಗುತ್ತದೆ, ಅಡಿಯಲ್ಲಿ ಸಿಕ್ಕಿಬಿದ್ದ ಥಿನ್ನರ್ ಗುಳ್ಳೆಯಾಗಿ ಮೇಲೇಳುತ್ತದೆ.

ಪ್ರಮಾಣದ ಲೆಕ್ಕ ಹೀಗೆ. 7 ಅಡಿ ಎತ್ತರ, 3.5 ಅಡಿ ಅಗಲದ ಕದದ ಎರಡು ಮುಖ ಸೇರಿ 49 ಚದರ ಅಡಿ. ಒಂದೂವರೆ ಇಂಚು ದಪ್ಪದ ನಾಲ್ಕು ಅಂಚುಗಳಿಗೆ ಸುಮಾರು 3 ಚದರ ಅಡಿ. ಚೌಕಟ್ಟಿಗೆ 16 ಹಿಡಿಯಿರಿ. ಒಟ್ಟು 68. ನಯವಾದ ಮರಕ್ಕೆ ಒಂದು ಲೀಟರ್ ಸುಮಾರು 100 ಚದರ ಅಡಿಗೆ ಬರುತ್ತದೆ ಎಂದರೆ ಒಂದು ಕೋಟಿಗೆ ಮುಕ್ಕಾಲು ಲೀಟರಿಗಿಂತ ಸ್ವಲ್ಪ ಕಡಿಮೆ. ಐದು ಕೋಟ್ ವಾರ್ನಿಶಿಗೆ ಮೂರೂವರೆ ಲೀಟರ್ ಬೇಕು. ಪಿಯು ಆದರೆ ಸೀಲರ್ ಒಂದೂವರೆ ಲೀಟರ್, ಮೇಲ್ಪದರ ಒಂದೂವರೆ ಲೀಟರ್. ಹೂಬಳ್ಳಿ ಕೆತ್ತಿದ ಕದಕ್ಕೆ ಇದರ ಮೇಲೆ ಕಾಲು ಭಾಗ ಹೆಚ್ಚು ಹಿಡಿಯಿರಿ. ಜೊತೆಗೆ 80, 120, 180 ಮತ್ತು 320 ನಂಬರಿನ ಸ್ಯಾಂಡ್‌ಪೇಪರ್, ಎರಡೂವರೆ ಇಂಚಿನ ಒಳ್ಳೆಯ ಬ್ರಷ್, ಅಂಚಿಗೆ ಒಂದು ಇಂಚಿನದು, ಹಳೆಯ ಹತ್ತಿ ಪಂಚೆಯ ತುಂಡುಗಳು.

ಹೊಸ ಕದ: ಕೆಲಸದ ಕ್ರಮ

ಮರ ಒಣಗಿದೆಯೇ ನೋಡಿ. ಎರಡು ಸೂಜಿಯ ತೇವಮಾಪಕ ಚುಚ್ಚಿದಾಗ ಕರಾವಳಿಯಲ್ಲಿ ಶೇ. 12ರಿಂದ 15, ಬಯಲುಸೀಮೆಯಲ್ಲಿ 8ರಿಂದ 12 ತೋರಿಸಬೇಕು. ಮಾಪಕ ಇಲ್ಲದಿದ್ದರೆ ಒಂದು ಅಡಿ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಮರಕ್ಕೆ ಅಂಟಿಸಿ, ಒಂದು ಹಗಲು ಬಿಸಿಲಿಗಿಡಿ. ಒಳಗೆ ಹನಿ ಕಟ್ಟಿದರೆ ಮರ ಹಸಿ ಇದೆ, ನೆರಳಿನಲ್ಲಿ ಗಾಳಿಯಾಡುವಂತೆ ಇನ್ನೂ ಕೆಲವು ವಾರ ಬಿಡಬೇಕು. ಹಸಿ ಮರಕ್ಕೆ ಪಾಲಿಶ್ ಹಚ್ಚಿದರೆ ಒಳಗಿನ ತೇವ ಹೊರಬರುವಾಗ ಪದರವನ್ನು ತಳ್ಳಿ ಎಬ್ಬಿಸುತ್ತದೆ.

ಹಲಗೆಗಳನ್ನು ಜೋಡಿಸುವ ಮೊದಲೇ ಆಚಾರಿಯ ಹತ್ತಿರ ಮಾತಾಡಿಕೊಳ್ಳಬೇಕಾದ ಎರಡು ವಿಷಯಗಳಿವೆ. ನಡುವಿನ ಹಲಗೆಗಳನ್ನು ಗಾಡಿಯೊಳಗೆ ಅಂಟು ಹಾಕದೆ ಸಡಿಲ ಕೂರಿಸಬೇಕು, ಅವು ಮಳೆಗಾಲದಲ್ಲಿ ಹಿಗ್ಗಲು ಜಾಗ ಬೇಕು. ಅಂಟಿಸಿಬಿಟ್ಟರೆ ಹಲಗೆ ಸೀಳುತ್ತದೆ, ಇಲ್ಲವೇ ಸಂದು ಬಾಯ್ಬಿಡುತ್ತದೆ. ಹಾಗೆಯೇ ಜೋಡಿಸುವ ಮೊದಲು ಹಲಗೆಯ ನಾಲ್ಕೂ ಅಂಚಿಗೆ ಎರಡು ಕೋಟ್ ಪಾಲಿಶ್ ಆಗಿರಬೇಕು. ಇಲ್ಲದಿದ್ದರೆ ಬೇಸಿಗೆಯಲ್ಲಿ ಹಲಗೆ ಕುಗ್ಗಿದಾಗ ಬಣ್ಣ ಕಾಣದ ಬಿಳಿ ಗೆರೆಯೊಂದು ಸುತ್ತ ಇಣುಕುತ್ತದೆ, ನೀರಿಗೂ ಅದೇ ದಾರಿ. ಸಾಗುವಾನಿಯಲ್ಲಿ ಬಿಳಿ ಭಾಗ ಇರುವ ಪಟ್ಟಿಯನ್ನು ಕೆಳಗಿನ ಅಡ್ಡಪಟ್ಟಿಗೆ ಬಳಸಲು ಬಿಡಬೇಡಿ. ಕುಟ್ಟೆ ಹುಳು ಹಿಡಿಯುವುದೂ ಲಡ್ಡಾಗುವುದೂ (ಕೊಳೆತು ಮೆತ್ತಗಾಗುವುದೂ) ಅಲ್ಲಿಂದಲೇ.

ಕದವನ್ನು ಒಮ್ಮೆ ನಿಲ್ಲಿಸಿ, ಬೀಗ, ತಿರುಗಣಿ, ಚಿಲಕ ಎಲ್ಲ ಕೂರಿಸಿ ನೋಡಿ, ಆಮೇಲೆ ಎಲ್ಲವನ್ನೂ ಬಿಚ್ಚಿ ಕದ ಇಳಿಸಿ. 50 ಕೆ.ಜಿ. ಆಸುಪಾಸು ತೂಕ ಇರುತ್ತದೆ, ಇಬ್ಬರು ಬೇಕು. ನಿಲ್ಲಿಸುವಾಗ ಬೇಸಿಗೆಯಾಗಿದ್ದರೆ ಪಕ್ಕದ ಸಂದು ಒಟ್ಟು 5ರಿಂದ 6 ಮಿ.ಮೀ. ಇರಲಿ. ಐದೈದು ಇಂಚಿನ ಎರಡು ನಿಲುಪಟ್ಟಿಗಳು ಸೇರಿ ಮಳೆಗಾಲದಲ್ಲಿ ಎರಡು ಮೂರು ಮಿ.ಮೀ. ಹಿಗ್ಗುವುದು ಸಹಜ, ಪಾಲಿಶಿನ ದಪ್ಪವೂ ಸೇರುತ್ತದೆ. ಈ ಸಂದು ಬಿಡದ ಬಾಗಿಲು ಜುಲೈಯಲ್ಲಿ ಸಿಕ್ಕಿಕೊಳ್ಳುತ್ತದೆ, ಆಚಾರಿ ಬಂದು ಕೀಸುಳಿ ಹಾಕುತ್ತಾರೆ, ಕೀಸಿದ ಜಾಗದ ಹಸಿಮರ ಹಾಗೇ ಉಳಿಯುತ್ತದೆ, ಅದು ಇನ್ನಷ್ಟು ನೀರು ಕುಡಿದು ಮತ್ತಷ್ಟು ಹಿಗ್ಗುತ್ತದೆ. ಎಷ್ಟೋ ಬಾಗಿಲುಗಳ ಹಾಳು ಶುರುವಾಗುವುದು ಈ ಕೀಸುವಿಕೆಯಿಂದಲೇ. ಕೀಸಲೇಬೇಕಾಗಿ ಬಂದರೆ ಅದೇ ದಿನ ಆ ಅಂಚಿಗೆ ಎರಡು ತೆಳು ಕೋಟ್ ಹಚ್ಚಿ.

ಸ್ಯಾಂಡ್‌ಪೇಪರ್ 80ರಿಂದ ಶುರುಮಾಡಿ, 120, ಆಮೇಲೆ 180. ಯಾವಾಗಲೂ ಎಳೆಯ ಉದ್ದಕ್ಕೆ ಉಜ್ಜಿ, ಅಡ್ಡ ಗೀರು ಪಾಲಿಶ್ ಬಿದ್ದ ಮೇಲೆ ಎದ್ದು ಕಾಣುತ್ತದೆ. ಹೊರಾಂಗಣಕ್ಕೆ 180ಕ್ಕೆ ನಿಲ್ಲಿಸಿ. ಅದಕ್ಕಿಂತ ನಯ ಮಾಡಿದರೆ ಪಾಲಿಶಿಗೆ ಹಿಡಿಯಲು ಜಾಗ ಸಿಗುವುದಿಲ್ಲ. ಅಂಚುಗಳ ಚೂಪು ಮೂಲೆಗಳನ್ನು ಎರಡು ಮಿ.ಮೀ. ಆದರೂ ದುಂಡಾಗಿಸಿ. ಚೂಪು ಮೂಲೆಯಿಂದ ದ್ರವ ಜಾರಿ ಪದರ ತೆಳುವಾಗುತ್ತದೆ, ಮೊದಲ ಬಿರುಕು ಬರುವುದು ಅಲ್ಲೇ.

ಮೊಳೆ ತೂತು, ಸೀಳು ತುಂಬಲು ಮರದ ಹೊಟ್ಟನ್ನು ಎಪಾಕ್ಸಿಗೆ ಬೆರೆಸಿದ ಪುಟ್ಟಿ ಬಳಸಿ. ಬಿಳಿ ಅಂಟಿಗೆ ಹೊಟ್ಟು ಬೆರೆಸಿದ್ದು, ಚಾಕ್ ಪುಡಿ ಕಲಸಿದ್ದು ಒಳಗಿನ ಕೆಲಸಕ್ಕೆ ಸರಿ. ಹೊರಗೆ ತೇವ ತಾಗಿದರೆ ಮೆತ್ತಗಾಗಿ ಉದುರುತ್ತವೆ.

ಸಾಗುವಾನಿಗೆ ತನ್ನದೇ ಎಣ್ಣೆ ಇದೆ. ಗೆದ್ದಲನ್ನು ದೂರ ಇಡುವ ಮರದ ಸತ್ವಗಳೇ ಪಾಲಿಶ್ ಒಣಗಲೂ ಅಡ್ಡಿ ಮಾಡುತ್ತವೆ. ಮೊದಲ ಕೋಟಿಗೆ ಸ್ವಲ್ಪವೇ ಮುಂಚೆ ಥಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ಗಟ್ಟಿಯಾಗಿ ಒರೆಸಿ. ಬಟ್ಟೆಗೆ ಹಳದಿ-ಕಂದು ಬಣ್ಣ ಬರುತ್ತದೆ, ಅದೇ ಎಣ್ಣೆ. ಒರೆಸಿದ ಅರ್ಧ ಗಂಟೆಯೊಳಗೆ ಮೊದಲ ಕೋಟ್ ಬೀಳಬೇಕು. ನಾಳೆಗೆ ಬಿಟ್ಟರೆ ಎಣ್ಣೆ ಮತ್ತೆ ಮೇಲೆ ಬಂದಿರುತ್ತದೆ.

ಈಗ ಅಂಚು. ಕದವನ್ನು ಎರಡು ಕುದುರೆ ಸ್ಟ್ಯಾಂಡಿನ ಮೇಲೆ ಮಲಗಿಸಿ, ಮುಖ ಮುಟ್ಟುವ ಮೊದಲು ತಲೆ ಮತ್ತು ಅಡಿಯಂಚಿಗೆ ಮೊದಲ ಕೋಟನ್ನು ಸ್ವಲ್ಪ ಹೆಚ್ಚು ತೆಳು ಮಾಡಿ ಹಚ್ಚಿ. ನಿಲುಪಟ್ಟಿಯ ತುದಿ ಕುಡಿಯುತ್ತಲೇ ಇರುತ್ತದೆ. ಕುಡಿದು ಬತ್ತಿದಲ್ಲಿ ಮತ್ತೆ ಹಚ್ಚಿ, ಹತ್ತು ನಿಮಿಷ ಬಿಟ್ಟು ಮತ್ತೊಮ್ಮೆ. ಕುಡಿಯುವುದು ನಿಂತು ಮೇಲೆ ಹೊಳಪು ಉಳಿಯುವವರೆಗೆ ಬಿಡಬೇಡಿ. ಮಳೆ ಹೆಚ್ಚಿರುವ ಕಡೆ ಅಡಿಯಂಚಿಗೆ ಮಾತ್ರ ನಿಧಾನ ಗಟ್ಟಿಯಾಗುವ ತೆಳು ಎಪಾಕ್ಸಿ ಎರಡು ಕೋಟ್ ಹಚ್ಚಿ, ಉಜ್ಜಿ, ಅದರ ಮೇಲೆ ಪಾಲಿಶ್ ಮುಂದುವರಿಸಿದರೆ ಇನ್ನೂ ಗಟ್ಟಿ. ಬೀಗದ ತೂತಿನ ಒಳಗೋಡೆ, ತಿರುಗಣಿಯ ಗುಂಡಿ, ಇಣುಕುಗಾಜಿನ ತೂತು, ಇವಕ್ಕೂ ಸಣ್ಣ ಬ್ರಷ್ಷಿನಿಂದ ಎರಡೆರಡು ಕೋಟ್. ಇದಕ್ಕೆಲ್ಲ ಹೆಚ್ಚೆಂದರೆ ಒಂದು ಗಂಟೆ ಹಿಡಿಯುತ್ತದೆ.

ವಾರ್ನಿಶ್ ಆದರೆ ಮೊದಲ ಕೋಟಿಗೆ ಶೇ. 15ರಿಂದ 20 ಟರ್ಪೆಂಟೈನ್ ಬೆರೆಸಿ, ಮರದೊಳಗೆ ಇಳಿಯಲಿ. ಎರಡನೆಯದರಿಂದ ಡಬ್ಬಿಯಲ್ಲಿದ್ದ ಹಾಗೇ. ಮೊದಲು ಹಲಗೆಗಳು, ಆಮೇಲೆ ಅಡ್ಡಪಟ್ಟಿ, ಕೊನೆಗೆ ನಿಲುಪಟ್ಟಿ. ಹಲಗೆಯ ಮೂಲೆಯಲ್ಲಿ ದ್ರವ ನಿಂತು ದಪ್ಪವಾದರೆ ಒಣಬ್ರಷ್ಷಿನಿಂದ ಎತ್ತಿಬಿಡಿ. ಪ್ರತಿ ಕೋಟಿಗೂ ಕರಾವಳಿಯಲ್ಲಿ 24 ಗಂಟೆ ಬಿಡಿ. ಮುಂದಿನದಕ್ಕೆ ಮೊದಲು 320ರಲ್ಲಿ ಹಗುರಾಗಿ ಉಜ್ಜಿ. ಬಿಳಿ ಪುಡಿ ಬಂದರೆ ಒಣಗಿದೆ, ಕಾಗದಕ್ಕೆ ಅಂಟಾಗಿ ಉಂಡೆ ಕಟ್ಟಿದರೆ ಇನ್ನೂ ಒಂದು ದಿನ ಬೇಕು. ಪುಡಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಆರಲು ಬಿಟ್ಟು ಮುಂದುವರಿಸಿ.

ಪಿಯು ಆದರೆ ಬೆರಕೆಯ ಪ್ರಮಾಣವನ್ನು ಕಣ್ಣಂದಾಜಿಗೆ ಬಿಡಬೇಡಿ. ಒಂದೊಂದು ಕಂಪನಿಯದು ಒಂದೊಂದು ಲೆಕ್ಕ, ಡಬ್ಬಿಯ ಮೇಲಿನದೇ ಪ್ರಮಾಣ, ಅಳತೆ ಲೋಟದಲ್ಲಿ. ಹಾರ್ಡನರ್ ಕಡಿಮೆಯಾದರೆ ಎಂದೂ ಗಟ್ಟಿಯಾಗದು, ಹೆಚ್ಚಾದರೆ ಗಾಜಿನಂತೆ ಬಿರಿಯುತ್ತದೆ. ಬೆರೆಸಿದ್ದು ಕೆಲವೇ ಗಂಟೆಗಳಲ್ಲಿ ಗಟ್ಟಿಯಾಗುತ್ತದೆ, ಆ ಹೊತ್ತಿಗೆ ಬೇಕಾದಷ್ಟನ್ನೇ ಕಲಸಿ. ಎನ್‌ಸಿ ಥಿನ್ನರ್ ಸೇರಿಸಲೇಬೇಡಿ, ಪಿಯುವಿನದೇ ಥಿನ್ನರ್ ಬೇಕು. ಒದ್ದೆ ಬ್ರಷ್, ಕಂಪ್ರೆಸರಿನ ನೀರು ಬೆರೆತರೆ ಹಾರ್ಡನರ್ ಆ ನೀರಿನ ಜೊತೆ ಸೇರಿ ಅನಿಲ ಬಿಟ್ಟು ಪದರದ ತುಂಬ ಸೂಜಿತೂತು ಮಾಡುತ್ತದೆ. ಸ್ಪ್ರೇ ಮಾಡುವವರ ಉಸಿರಿಗೆ ಹಾರ್ಡನರಿನ ಮಂಜು ಅಪಾಯಕಾರಿ. ಮೂಗಿಗೆ ಕಟ್ಟಿದ ಕರವಸ್ತ್ರ ಅದನ್ನು ತಡೆಯಲಾರದು, ರಾಸಾಯನಿಕ ಆವಿ ಹೀರುವ ಕಾರ್ಟ್ರಿಜ್ ಇರುವ ಮಾಸ್ಕನ್ನೇ ಅವರಿಗೆ ಕೊಡಿಸಿ.

ಗಾಜು ಕೂರಿಸಿದ ಕದವಾದರೆ ಕೊನೆಯ ಕೋಟ್ ಗಾಜಿನ ಮೇಲೆ ಒಂದೆರಡು ಮಿ.ಮೀ. ಏರಲಿ. ಮರ-ಗಾಜಿನ ನಡುವಿನ ಸಂದು ಹಾಗೆ ಮುಚ್ಚುತ್ತದೆ. ತಿರುಗಣಿ, ಸ್ಕ್ರೂಗಳಿಗೆ ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಸ್ಟೀಲ್ ಬಳಸಿ. ಸಮುದ್ರದ ಹತ್ತಿರ ಉಪ್ಪುಗಾಳಿ ತಾಳುವ 316 ದರ್ಜೆಯ ಸ್ಟೀಲ್. ಸಾದಾ ಕಬ್ಬಿಣದ ಸ್ಕ್ರೂ ತುಕ್ಕು ಹಿಡಿದಾಗ ಮರದ ಒಗರಿನ ಜೊತೆ ಸೇರಿ ಶಾಯಿಯಂತೆ ಕಪ್ಪು ಇಳಿಸುತ್ತದೆ.

ಅಂಗಳ ಮಟ್ಟಕ್ಕೆ ಹತ್ತಿರವಿದ್ದು ಹನಿ ಸಿಡಿಯುವ ಬಾಗಿಲಿಗೆ ಹೊರಗಡೆ ಕೆಳಗೆ ಒಂದು ನೀರುಪಟ್ಟಿ ಹಾಕಿಸಿ. ಎರಡು ಇಂಚು ಅಗಲದ, ಮೇಲೆ ಇಳಿಜಾರಿರುವ ಮರದ ಪಟ್ಟಿ, ಅದರ ಅಡಿಯಲ್ಲಿ ಉದ್ದಕ್ಕೂ ಒಂದು ಸಣ್ಣ ಗಾಡಿ. ಇಳಿದ ಹನಿ ಆ ಗಾಡಿಯಲ್ಲೇ ಕಡಿದು ಹೊರಗೆ ಬೀಳುತ್ತದೆ, ಕದದ ಅಡಿಗೆ ಹಿಂದಿರುಗುವುದಿಲ್ಲ.

ಚೌಕಟ್ಟು ಮತ್ತು ಹೊಸಿಲು

ಚೌಕಟ್ಟು, ಕರಾವಳಿಯವರ ಮಾತಿನಲ್ಲಿ ದಾರಂದ, ಗೋಡೆಗೆ ಸೇರುವ ಮೊದಲು ಅದರ ಬೆನ್ನಿಗೆ ಎರಡು ಕೋಟ್ ಡಾಂಬರು ಬಣ್ಣ ಅಥವಾ ಪ್ರೈಮರ್ ಬೀಳಬೇಕು. ಸಿಮೆಂಟಿನ ತೇವ ಹಿಂದಿನಿಂದ ಬರುತ್ತದೆ, ಮುಂದಿನ ಪಾಲಿಶ್ ಅದನ್ನು ತಡೆಯಲಾರದು. ಗೇರುಬೀಜದ ಸಿಪ್ಪೆಯ ಎಣ್ಣೆ ಕರಾವಳಿಯಲ್ಲಿ ದೋಣಿಗೂ ಮನೆಯ ಮರಕ್ಕೂ ಬಳಸುತ್ತ ಬಂದದ್ದು, ಈ ಬೆನ್ನಿಗೆ ಅದೂ ಒಳ್ಳೆಯದೇ. ಚರ್ಮ ಸುಡುತ್ತದೆ, ಕೈಗವಸು ಬೇಕು. ಪಾಲಿಶ್ ಬರುವ ಮುಖಕ್ಕೆ ಅದನ್ನು ತಾಗಿಸಬೇಡಿ, ಮೇಲೆ ಏನೂ ಹಿಡಿಯುವುದಿಲ್ಲ.

ಹೊಸಿಲಿಗೆ ದಿನವೂ ನೀರು, ಅರಿಸಿನ, ರಂಗೋಲಿ. ಅಲ್ಲಿ ದಪ್ಪ ಪದರದ ಪಾಲಿಶ್ ಉಳಿಯುವುದಿಲ್ಲ, ಉಳಿಯಬೇಕೆಂದು ಹಟ ಮಾಡಬಾರದು. ಮೂರ್ನಾಲ್ಕು ತಿಂಗಳಿಗೊಮ್ಮೆ ಉಜ್ಜಿ, ಒಣಗಿಸಿ ಹೊರಾಂಗಣ ಎಣ್ಣೆಯನ್ನು ಧಾರಾಳ ಹಚ್ಚಿ, ಇಪ್ಪತ್ತು ನಿಮಿಷದ ಮೇಲೆ ಹೆಚ್ಚಾದದ್ದನ್ನು ಒರೆಸಿದರೆ ಸಾಕು. ಪೂಜೆಗೆ ಮುಂಚೆ ಬಿಂದಿಗೆ ನೀರು ಸುರಿಯುವ ಬದಲು ಒದ್ದೆ ಬಟ್ಟೆಯಿಂದ ಒರೆಸುವುದು ಹೊಸಿಲಿಗೂ ಅದಕ್ಕೆ ತಾಗಿದ ಚೌಕಟ್ಟಿನ ಕಾಲಿಗೂ ಒಳ್ಳೆಯದು. ಹೊಸಿಲು ಚೌಕಟ್ಟಿನ ಕಾಲಿಗೆ ಸೇರುವ ಸಂದಿನಲ್ಲಿ ಪೇಂಟ್ ಹಿಡಿಯುವ ಪಿಯು ಸೀಲೆಂಟ್ ತುಂಬಿ. ಸಿಲಿಕೋನ್ ಬೇಡ, ಅದರ ಮೇಲೆ ಪಾಲಿಶ್ ಕೂರುವುದಿಲ್ಲ, ಉಜ್ಜಿದರೂ ಅದರ ಜಿಡ್ಡು ಹೋಗುವುದಿಲ್ಲ. ಹೊಸಿಲಿಗೆ ಹಿತ್ತಾಳೆ ತಗಡು ಹೊದಿಸಿದ್ದರೆ ಅದರ ಅಡಿಯಲ್ಲಿ ನೀರು ಸಿಕ್ಕಿಬಿದ್ದು ಮರ ಸದ್ದಿಲ್ಲದೆ ಕೊಳೆಯುತ್ತದೆ. ವರ್ಷಕ್ಕೊಮ್ಮೆ ಬಿಚ್ಚಿ ನೋಡಲೇಬೇಕು. ಹೊಸದಾಗಿ ಹೊದಿಸುವುದಾದರೆ ಮರಕ್ಕೆ ಮೊದಲು ನಾಲ್ಕು ಕೋಟ್ ಹಚ್ಚಿ, ತಗಡಿನ ಅಂಚಿಗೆ ಸೀಲೆಂಟ್ ಕೊಡಿ.

ತೋರಣಕ್ಕೆ ಪ್ರತಿ ಹಬ್ಬಕ್ಕೂ ಹೊಸ ಮೊಳೆ ಬೇಡ. ಚೌಕಟ್ಟಿನ ತಲೆಯಲ್ಲಿ ಎರಡು ಹಿತ್ತಾಳೆ ಕೊಕ್ಕೆ ಒಮ್ಮೆ ಕೂರಿಸಿ, ತೂತಿಗೆ ಒಂದು ಹನಿ ವಾರ್ನಿಶ್ ಬಿಟ್ಟು ತಿರುಗಿಸಿ.

ಹಳೆಯ ಬಾಗಿಲು ಕೆರೆಯುವಾಗ

ಪದರ ಎಲ್ಲೆಡೆ ಗಟ್ಟಿ ಇದ್ದು ಹೊಳಪು ಮಾತ್ರ ಹೋಗಿದ್ದರೆ ಕೆರೆಯಬೇಕಿಲ್ಲ. ಬ್ಲೇಡಿನಿಂದ ಎರಡು ಗೀರು ಅಡ್ಡ, ಎರಡು ಉದ್ದ ಹಾಕಿ, ಮೇಲೆ ಟೇಪ್ ಅಂಟಿಸಿ ಜೋರಾಗಿ ಎಳೆಯಿರಿ. ಟೇಪಿಗೆ ಪದರ ಬಂದರೆ ಪೂರ್ತಿ ತೆಗೆಯಬೇಕು. ಬಾರದಿದ್ದರೆ 220-320ರಲ್ಲಿ ಉಜ್ಜಿ ಎರಡು ಕೋಟ್ ಸಾಕು, ಅದೇ ಜಾತಿಯ ಪಾಲಿಶ್ ಆಗಿದ್ದರೆ.

ಹಳೆಯ ಎನಾಮೆಲ್ ಬಾಗಿಲನ್ನು ಒಣಗಿದ್ದಾಗ ಉಜ್ಜಬೇಡಿ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸವನ್ನು 90 ಪಿಪಿಎಂಗೆ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲಿಗೆ) ಮಿತಿಗೊಳಿಸಿದ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಿಂದಿನ ಬಣ್ಣದಲ್ಲಿ ಸೀಸ ಇರಬಹುದು, ಅದರ ಧೂಳು ಮಕ್ಕಳ ಮಿದುಳಿಗೆ ವಿಷ. ರಿಮೂವರ್ ಹಚ್ಚಿ ಕೆರೆಯಿರಿ, ಇಲ್ಲವೇ ನೀರು ಹಾಕಿ ವಾಟರ್ ಪೇಪರಿನಲ್ಲಿ ಉಜ್ಜಿ. ಕೆಳಗೆ ಪ್ಲಾಸ್ಟಿಕ್ ಹಾಸಿ ಕೆಸರನ್ನು ಒಟ್ಟುಮಾಡಿ. ಮಕ್ಕಳು, ಗರ್ಭಿಣಿಯರು ಆ ಕಡೆ ಬರಬಾರದು.

ಪದರ ತೆಗೆದ ಮೇಲೆ ಮರ ಬೂದು ಬಣ್ಣಕ್ಕೆ ತಿರುಗಿ ಅಥವಾ ಕಬ್ಬಿಣದ ಕಪ್ಪು ಹಿಡಿದು ಕಂಡರೆ ಆಕ್ಸಾಲಿಕ್ ಆಮ್ಲ ಕೆಲಸ ಮಾಡುತ್ತದೆ. ಒಂದು ಲೀಟರ್ ಬಿಸಿನೀರಿಗೆ 60ರಿಂದ 80 ಗ್ರಾಂ ಕರಗಿಸಿ, ಕಲೆಗಷ್ಟೇ ಅಲ್ಲ, ಇಡೀ ಹಲಗೆಗೆ ಸಮನಾಗಿ ಹಚ್ಚಿ. ಇಲ್ಲದಿದ್ದರೆ ಬಿಳಿ ತೇಪೆ ಕಾಣುತ್ತದೆ. ಅರ್ಧ ಗಂಟೆ ಬಿಟ್ಟು ಧಾರಾಳ ನೀರಿನಲ್ಲಿ ಎರಡು ಸಲ ತೊಳೆಯಿರಿ. ಅದು ವಿಷ: ಕೈಗವಸು, ಕನ್ನಡಕ ಬೇಕು. ಮರ ಒಣಗಿದ ಮೇಲೆ ಬಿಳಿ ಹರಳು ಉಳಿದಿದ್ದರೆ ಉಜ್ಜಿ ಧೂಳೆಬ್ಬಿಸಬೇಡಿ, ಮತ್ತೊಮ್ಮೆ ತೊಳೆಯಿರಿ. ಕಲೆ ಕಬ್ಬಿಣದ್ದಲ್ಲ, ಬೂಸ್ಟಿನದಾದರೆ ಒಂದು ಪಾಲು ಬ್ಲೀಚಿಂಗ್ ದ್ರಾವಣಕ್ಕೆ ನಾಲ್ಕು ಪಾಲು ನೀರು ಸೇರಿಸಿ ಒರೆಸಿ, ಹತ್ತು ನಿಮಿಷದಲ್ಲಿ ತೊಳೆಯಿರಿ. ಈ ಎರಡನ್ನೂ ಒಟ್ಟಿಗೆ ಬಳಸಬಾರದು, ಆಮ್ಲ ಮತ್ತು ಬ್ಲೀಚ್ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ. ಆಮೇಲೆ ಮೂರು ನಾಲ್ಕು ಒಣ ದಿನ ಬಿಟ್ಟು ಪಾಲಿಶ್.

ಕದದ ಕಾಲು ಲಡ್ಡಾಗಿದ್ದರೆ ಪುಟ್ಟಿ ತುಂಬಿ ಮುಚ್ಚಬೇಡಿ. ಚೂಪಾದ ಸ್ಕ್ರೂಡ್ರೈವರ್ ಚುಚ್ಚಿ, ಗಟ್ಟಿ ಮರ ಸಿಗುವವರೆಗೆ ಕಡಿದು, ಅದೇ ಜಾತಿಯ ಒಣಮರದ ತುಂಡನ್ನು ಎಪಾಕ್ಸಿಯಿಂದ ಕೂರಿಸಬೇಕು. ಕೊಳೆತದ್ದನ್ನು ಒಳಗಿಟ್ಟು ಮೇಲೆ ಪಾಲಿಶ್ ಮಾಡಿದರೆ ಕೊಳೆ ಬೆಳೆಯುತ್ತಲೇ ಇರುತ್ತದೆ.

ವರ್ಷಕ್ಕೆರಡು ಸಲ

ಏಪ್ರಿಲಿನಲ್ಲೊಮ್ಮೆ, ಮಳೆ ನಿಂತ ಮೇಲೆ ಆಯುಧಪೂಜೆಯ ಆಸುಪಾಸಿನಲ್ಲೊಮ್ಮೆ, ಬಾಗಿಲನ್ನು ಹದ ಸೋಪುನೀರಿನಲ್ಲಿ ಒರೆಸಿ ನೋಡಿ. ಸಮುದ್ರ ತೀರದಲ್ಲಿ ತಿಂಗಳಿಗೊಮ್ಮೆ ಸಿಹಿನೀರಿನ ಬಟ್ಟೆ ಆಡಿಸಿದರೆ ಉಪ್ಪು ಕೂರುವುದಿಲ್ಲ. ಕೆಳಗಿನ ಅಡ್ಡಪಟ್ಟಿಗೆ ನಾಲ್ಕು ಹನಿ ನೀರು ಚಿಮುಕಿಸಿ. ಹನಿ ಗುಂಡಾಗಿ ನಿಂತರೆ ಇನ್ನೊಂದು ಮಳೆಗಾಲ ಚಿಂತೆ ಇಲ್ಲ. ಹರಡಿ, ಮರದ ಬಣ್ಣ ಗಾಢವಾದರೆ ಪದರ ತೀರಿದೆ, ಈ ಬೇಸಿಗೆಯಲ್ಲೇ ಒಂದು ಕೋಟ್ ಹಚ್ಚಿ. ಸಣ್ಣ ಬಿರುಕು ಕಂಡಾಗ ಹಚ್ಚಿದರೆ ಅರ್ಧ ದಿನದ ಕೆಲಸ, ಸಿಪ್ಪೆ ಏಳುವವರೆಗೆ ಕಾದರೆ ಒಂದು ವಾರದ್ದು.

ಎರಚಲು ತಡೆಯಲು ಜೂನಿನಲ್ಲಿ ಬಾಗಿಲಿಗೆ ಪ್ಲಾಸ್ಟಿಕ್ ಹಾಳೆ ಸುತ್ತುವವರಿದ್ದಾರೆ. ಒಳಗೆ ತೇವ ಸಿಕ್ಕಿಬಿದ್ದು ಬೂಸ್ಟು ಹಿಡಿಯುತ್ತದೆ. ಮಳೆಯ ಹೊಡೆತ ಇರುವ ಕಡೆ ಜಗಲಿಯ ಅಂಚಿಗೆ ಅಡಿಕೆ ಸೋಗೆಯ ತಟ್ಟಿಯನ್ನೋ ತೆಂಗಿನ ಮಡಲಿನ ತಟ್ಟಿಯನ್ನೋ ಬಾಗಿಲಿನಿಂದ ಮೂರು ನಾಲ್ಕು ಅಡಿ ದೂರ ಕಟ್ಟಿ. ಹನಿ ಅಲ್ಲೇ ನಿಲ್ಲುತ್ತದೆ, ಗಾಳಿ ಒಳಗೆ ಬಂದು ಬಾಗಿಲನ್ನು ಒಣಗಿಸುತ್ತಿರುತ್ತದೆ.